ಒಂದು ಬೂದುಬಣ್ಣದ ಟ್ರ್ಯಾಕ್ಟರಿನ ಕುಲಗೋತ್ರ

ಕಳೆದ ತಿಂಗಳ ಒಂದು ರವಿವಾರ ಸಂಜೆ ನಮ್ಮ ವಾಚನಾಲಯಕ್ಕೆ ನಿತ್ಯ ಬರುವ ಗೆಳೆಯರೊಬ್ಬರು ತಮ್ಮ ಮೊಬೈಲನ್ನು ಪತ್ರಿಕೆಗಳ ಮೇಜಿನ ಮೇಲಿಟ್ಟು, ಅದರಲ್ಲಿದ್ದ ಒಂದು ಚಿತ್ರವನ್ನು ನಮಗೆ ತೋರಿಸಿದರು. ಅವರು ಇಲ್ಲಿಯ ಒಂದು ಕಾರಖಾನೆಯಲ್ಲಿ ಫಿಟ್ಟರು; ಊರು ಗದಗಿನ ಸೀಮೆ. ಚಿತ್ರದಲ್ಲಿ ಒಂದು ದನದ ಕೊಟ್ಟಿಗೆ, ಅದರ ಮೂಲೆಯಲ್ಲಿ ಧೂಳು ಹೊದ್ದು ನಿಂತ ಒಂದು ಸಣ್ಣ ಟ್ರ್ಯಾಕ್ಟರು. ಟಯರುಗಳ ಗಾಳಿ ಇಳಿದಿದೆ, ಕೂರುವ ಉಕ್ಕಿನ ತಟ್ಟೆಯ ಮೇಲೆ ಕೋಳಿಯೊಂದು ಕುಳಿತಿದೆ. ಬಣ್ಣವೆಂದು ಉಳಿದಿರುವುದು ಅಲ್ಲಲ್ಲಿ ಬೂದು ಮಾತ್ರ.

“ನಮ್ಮಪ್ಪ ಹೊಡೆದ ಗಾಡಿ ರೀ ಇದು. ತಮ್ಮ ಗುಜರಿಗೆ ಹಾಕ್ತೀನಿ ಅಂತಾನ. ತೂಕದ ಲೆಕ್ಕಕ್ಕ ರೊಕ್ಕ ಕೊಡತಾರಂತ. ಊರಾಗ ಒಬ್ಬರು ಇದು ಫೋರ್ಡ್ ಅಂತಾರ, ಒಬ್ಬರು ಫರ್ಗ್ಯುಸನ್ ಅಂತಾರ, ಇನ್ನೊಬ್ಬರು ಲಕ್ಷಗಟ್ಟಲೆ ಬೆಲೆ ಬಾಳತೈತಿ ಅಂತಾರ. ಖರೆ ಯಾವುದು?” ಎಂದು ಅವರು ಕೇಳಿದರು.

ಆ ದಿನ ನಾವು ಯಾರೂ ಖಂಡಿತವಾದ ಉತ್ತರ ಕೊಡಲಾರದೆ ಹೋದೆವು. ಆದರೆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಒಂದು ಯಂತ್ರ ಯಾವ ಮನೆಯದು, ಯಾವ ವರ್ಷದ್ದು, ಯಾರ ಕೈಯಿಂದ ಬಂದದ್ದು ಎಂದು ತಿಳಿಯುವುದು ಹೇಗೆ? ಯಂತ್ರಗಳ ನಡುವೆ ಬದುಕುವ ಕೆಲಸಗಾರರಿಗೂ, ಕಡತಗಳ ನಡುವೆ ಬದುಕುವ ಗುಮಾಸ್ತರಿಗೂ ಉಪಯೋಗಕ್ಕೆ ಬರುವ ವಿದ್ಯೆ ಇದು. ಈ ಸಂಚಿಕೆಯ ಪಾಠಕ್ಕೆ ಅದನ್ನೇ ಎತ್ತಿಕೊಂಡಿದ್ದೇವೆ.

1. ಮುಖ ನೋಡಿ ಮಣೆ ಹಾಕಬಾರದು

ಬೂದುಬಣ್ಣದ, ಗಿಡ್ಡ ಮೈಯ, ಹಿಂದೆ ನೇಗಿಲು ಕಟ್ಟಲು ಮೂರು ತೋಳುಗಳಿರುವ ಹಳೆಯ ಟ್ರ್ಯಾಕ್ಟರು ಎಂದರೆ ಅದು ಮೂರು ಮನೆಗಳಲ್ಲಿ ಯಾವುದಾದರೂ ಒಂದರಿಂದ ಬಂದಿರಬಹುದು. ಮೊದಲನೆಯದು, ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿ 1936ರಿಂದ 1939ರ ವರೆಗೆ ತಯಾರಾದ ‘ಫರ್ಗ್ಯುಸನ್ ಎ’ ಮಾದರಿ. ಇದನ್ನು ಜನ ಸಾಮಾನ್ಯವಾಗಿ ಫರ್ಗ್ಯುಸನ್-ಬ್ರೌನ್ ಎನ್ನುತ್ತಾರೆ. ಎರಡನೆಯದು, ಅಮೆರಿಕದ ಫೋರ್ಡ್ ಕಂಪನಿ 1939ರಿಂದ 1947ರ ವರೆಗೆ ಮಾಡಿದ 9ಎನ್ ಮತ್ತು 2ಎನ್ ಮಾದರಿಗಳು. ಮೂರನೆಯದು, ಇಂಗ್ಲೆಂಡಿನ ಕವೆಂಟ್ರಿ ನಗರದಲ್ಲಿ 1946ರಿಂದ 1956ರ ವರೆಗೆ ತಯಾರಾದ ‘ಫರ್ಗ್ಯುಸನ್ ಟಿಇ-20’.

ಈ ಮೂರರ ಸಂಖ್ಯೆಗಳನ್ನು ನೋಡಿದರೆ ಅಪರೂಪ ಯಾವುದು ಎಂಬುದು ಒಡನೆಯೇ ತಿಳಿಯುತ್ತದೆ. ಫರ್ಗ್ಯುಸನ್-ಬ್ರೌನ್ ತಯಾರಾದದ್ದು ಸುಮಾರು 1350 ಮಾತ್ರ. ಫೋರ್ಡಿನ ಆ ಎರಡು ಮಾದರಿಗಳು ಸೇರಿ 3 ಲಕ್ಷಕ್ಕೂ ಮಿಕ್ಕಿವೆ. ಟಿಇ-20 ಅಂತೂ 5 ಲಕ್ಷ 17 ಸಾವಿರಕ್ಕೂ ಹೆಚ್ಚು. ಹಾಗಾಗಿ ಕೊಟ್ಟಿಗೆಯಲ್ಲಿ ಬೂದು ಟ್ರ್ಯಾಕ್ಟರು ಕಂಡವರೆಲ್ಲ ನಿಧಿ ಸಿಕ್ಕಿತೆಂದು ಹಿಗ್ಗುವುದೂ ತಪ್ಪು. ಹಳೆಯ ಕಬ್ಬಿಣವೆಂದು ಕಣ್ಣುಮುಚ್ಚಿ ತೂಕಕ್ಕೆ ಹಾಕುವುದೂ ತಪ್ಪು. ಸಾವಿರದ ಮುನ್ನೂರೈವತ್ತರಲ್ಲಿ ಒಂದನ್ನು ಕುಲುಮೆಗೆ ಕಳುಹಿದರೆ ಅದನ್ನು ಮತ್ತೆ ತರಲಾಗದು.

ಈ ಮೂರು ಮನೆಯ ಮಕ್ಕಳಿಗೆ ಒಂದೇ ಚಹರೆ ಹೇಗೆ ಬಂತು? ಅದನ್ನು ತಿಳಿಯದೆ ಗುರುತು ಹಿಡಿಯುವುದು ಕಷ್ಟ. ಆದುದರಿಂದ ಮೊದಲು ಕತೆಯನ್ನು ಕೇಳೋಣ.

2. ಮೂರು ತೋಳುಗಳ ಯುಕ್ತಿ

ಹ್ಯಾರಿ ಫರ್ಗ್ಯುಸನ್ ಎಂಬಾತ ಉತ್ತರ ಐರ್ಲೆಂಡಿನ ಒಬ್ಬ ರೈತನ ಮಗ, ಹುಟ್ಟಿದ್ದು 1884ರಲ್ಲಿ. ಬೆಲ್‌ಫಾಸ್ಟಿನಲ್ಲಿ ಮೋಟಾರು ವ್ಯಾಪಾರ ನಡೆಸುತ್ತಿದ್ದ ಈತನಿಗೆ 1917ರಲ್ಲಿ, ಅಂದರೆ ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಐರ್ಲೆಂಡಿನ ಸರಕಾರಿ ಟ್ರ್ಯಾಕ್ಟರುಗಳ ಕೆಲಸವನ್ನು ಸುಧಾರಿಸುವ ಹೊಣೆ ಬಂತು. ಊರೂರು ತಿರುಗಿ ಉಳುಮೆಯನ್ನು ನೋಡಿದಾಗ, ದೋಷ ಟ್ರ್ಯಾಕ್ಟರಿನಲ್ಲಿಯೂ ಇಲ್ಲ, ನೇಗಿಲಿನಲ್ಲಿಯೂ ಇಲ್ಲ, ಅವೆರಡನ್ನು ಕೂಡಿಸುವ ಬಗೆಯಲ್ಲಿದೆ ಎಂದು ಆತ ಕಂಡುಕೊಂಡ.

ಆಗ ನೇಗಿಲನ್ನು ಟ್ರ್ಯಾಕ್ಟರಿನ ಹಿಂದೆ ಸರಪಣಿಯಿಂದಲೋ ಕೊಂಡಿಯಿಂದಲೋ ಕಟ್ಟಿ ಎಳೆಯುತ್ತಿದ್ದರು, ಎತ್ತಿನ ಹಿಂದೆ ಕಟ್ಟಿದ ಹಾಗೆ. ನೇಗಿಲು ನೆಲದೊಳಗಿನ ಬಂಡೆಗೆ ಸಿಕ್ಕಿಕೊಂಡಿತೆನ್ನಿ. ಎತ್ತಾದರೆ ನಿಲ್ಲುತ್ತದೆ. ಯಂತ್ರಕ್ಕೆ ಆ ತಿಳಿವು ಎಲ್ಲಿಯದು? ಹಿಂದಿನ ಗಾಲಿ ತಿರುಗಲಾರದು, ಎಂಜಿನ್ನು ನಿಲ್ಲದು. ಆಗ ಟ್ರ್ಯಾಕ್ಟರಿನ ಮೂತಿಯೇ ಮೇಲೇಳುತ್ತಿತ್ತು. ಹಾಗೆ ಎದ್ದು ಹಿಂದಕ್ಕೆ ಮಗುಚಿದ ಟ್ರ್ಯಾಕ್ಟರುಗಳ ಕೆಳಗೆ ಸಿಕ್ಕಿ ಚಾಲಕರು ಸತ್ತದ್ದುಂಟು.

ಫರ್ಗ್ಯುಸನ್ ನೇಗಿಲನ್ನು ಟ್ರ್ಯಾಕ್ಟರಿಗೆ ಮೂರು ತೋಳುಗಳಿಂದ ಜೋಡಿಸಿದ: ಕೆಳಗೆ ಎರಡು, ಮೇಲೆ ಒಂದು. ಕೆಳಗಿನ ಎರಡು ತೋಳುಗಳು ಎಳೆಯುತ್ತವೆ. ನೇಗಿಲಿಗೆ ಬಿಗಿತ ಹೆಚ್ಚಿದಾಗ ಮೇಲಿನ ತೋಳು ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತಿ, ಅದರ ಮೂತಿಯನ್ನು ನೆಲಕ್ಕೆ ಹಿಡಿದಿಡುತ್ತದೆ. ಇದಲ್ಲದೆ ಆ ಒತ್ತಡವನ್ನೇ ಅಳತೆಯಾಗಿ ಹಿಡಿದು, ಎಣ್ಣೆಯ ಪಂಪಿನ ಬಲದಿಂದ ನೇಗಿಲು ತಾನಾಗಿ ತುಸು ಮೇಲೇಳುವಂತೆ ಮಾಡಿದ. ಹೀಗೆ ನೇಗಿಲೂ ಟ್ರ್ಯಾಕ್ಟರೂ ಒಂದೇ ಯಂತ್ರವಾದುವು. ಹಗುರವಾದ ಸಣ್ಣ ಟ್ರ್ಯಾಕ್ಟರು ಭಾರವಾದ ದೊಡ್ಡದರ ಕೆಲಸ ಮಾಡತೊಡಗಿತು. ಇಂದು ನಮ್ಮ ಊರುಗಳಲ್ಲಿ ಓಡಾಡುವ ಯಾವ ಕಂಪನಿಯ ಟ್ರ್ಯಾಕ್ಟರಿನ ಹಿಂದೆ ನೋಡಿದರೂ ಕಾಣುವುದು ಈ ಮೂರು ತೋಳುಗಳೇ.

1933ರಲ್ಲಿ ಆತ ಬೆಲ್‌ಫಾಸ್ಟಿನಲ್ಲಿ ತನ್ನ ಯುಕ್ತಿಯ ಮೊದಲ ಪೂರ್ಣ ಟ್ರ್ಯಾಕ್ಟರನ್ನು ಕಟ್ಟಿಸಿದ. ಕಪ್ಪು ಬಣ್ಣ ಬಳಿದಿದ್ದರಿಂದ ಅದಕ್ಕೆ ‘ಕಪ್ಪು ಟ್ರ್ಯಾಕ್ಟರು’ ಎಂದೇ ಹೆಸರು. ಅದು ಒಂದೇ ಒಂದು. ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದ ಸೊತ್ತು. ಅದಕ್ಕೆ ಗೇರುಗಳನ್ನು ಮಾಡಿಕೊಟ್ಟ ಡೇವಿಡ್ ಬ್ರೌನ್ ಎಂಬವರ ಸಂಸ್ಥೆಯೇ 1936ರಿಂದ ಹಡರ್ಸ್‌ಫೀಲ್ಡಿನಲ್ಲಿ ಟ್ರ್ಯಾಕ್ಟರನ್ನು ತಯಾರಿಸಲು ಒಪ್ಪಿತು. ಕಪ್ಪು ಹೋಗಿ ಬೂದು ಬಂತು. ಬೆಲೆ 224 ಪೌಂಡು. ಆ ಕಾಲಕ್ಕೆ ಅದು ದುಬಾರಿ. ಮೇಲಾಗಿ ನೇಗಿಲು ಮೊದಲಾದ ಸಲಕರಣೆಗಳನ್ನೂ ಅದಕ್ಕೆಂದೇ ಬೇರೆ ಕೊಳ್ಳಬೇಕಾಗಿತ್ತು. ಮಾರಾಟ ಕುಂಟಿತು, ಇಬ್ಬರು ಪಾಲುದಾರರಿಗೂ ಮನಸ್ತಾಪ ಬಂತು.

3. ಕೈ ಕುಲುಕಿ ಮಾಡಿದ ಕರಾರು

1938ರ ಶರತ್ಕಾಲದಲ್ಲಿ ಫರ್ಗ್ಯುಸನ್ ತನ್ನ ಒಂದು ಟ್ರ್ಯಾಕ್ಟರನ್ನು ಹಡಗಿಗೇರಿಸಿ ಅಮೆರಿಕಕ್ಕೆ ಒಯ್ದು, ಹೆನ್ರಿ ಫೋರ್ಡರ ಹೊಲದಲ್ಲಿಯೇ ಉತ್ತು ತೋರಿಸಿದ. ಫೋರ್ಡರು ಮೆಚ್ಚಿದರು. ನೀವು ಯುಕ್ತಿಯನ್ನೂ ಮಾರಾಟವನ್ನೂ ನೋಡಿಕೊಳ್ಳಿ, ನಾವು ತಯಾರಿಸಿ ಕೊಡುತ್ತೇವೆ ಎಂಬ ಒಪ್ಪಂದವಾಯಿತು. ಒಪ್ಪಂದಕ್ಕೆ ಕಾಗದವಿಲ್ಲ, ಸಹಿಯಿಲ್ಲ, ಸಾಕ್ಷಿಯ ಮೊಹರಿಲ್ಲ. ಇಬ್ಬರೂ ಕೈ ಕುಲುಕಿದರು, ಅಷ್ಟೇ.

1939ರ ಜೂನ್ ತಿಂಗಳಲ್ಲಿ ಫೋರ್ಡ್ 9ಎನ್ ಹೊರಬಂತು. ‘9’ ಎಂದರೆ 1939. ‘ಎನ್’ ಎಂಬುದು ಫೋರ್ಡ್ ಕಂಪನಿ ಟ್ರ್ಯಾಕ್ಟರಿಗೆ ಇಟ್ಟ ಅಕ್ಷರ. ಯುದ್ಧಕಾಲದಲ್ಲಿ ರಬ್ಬರು, ತಾಮ್ರಗಳ ಅಭಾವ ಬಂದುದರಿಂದ, ಕಬ್ಬಿಣದ ಗಾಲಿಗಳನ್ನು ಹಾಕಿ, ಬ್ಯಾಟರಿ ಇಲ್ಲದೆ ಮ್ಯಾಗ್ನೆಟೋದಿಂದ ನಡೆಯುವಂಥ ಟ್ರ್ಯಾಕ್ಟರನ್ನು 1942ರಲ್ಲಿ ತಂದರು. ಅದೇ 2ಎನ್.

ಹೆನ್ರಿ ಫೋರ್ಡರು ಮುದುಕರಾಗಿ ಅಧಿಕಾರ ಮೊಮ್ಮಗನ ಕೈಗೆ ಹೋದ ಮೇಲೆ ಕೈ ಕುಲುಕಿದ ಮಾತಿಗೆ ಬೆಲೆ ಉಳಿಯಲಿಲ್ಲ. 1946ರ ಕೊನೆಗೆ ಫೋರ್ಡ್ ಕಂಪನಿ ಒಪ್ಪಂದ ಮುಗಿಯಿತೆಂದು ತಿಳಿಸಿತು. 1947ರಲ್ಲಿ 8ಎನ್ ಎಂಬ ತನ್ನದೇ ಟ್ರ್ಯಾಕ್ಟರನ್ನು ಕೆಂಪು-ಬೂದು ಬಣ್ಣದಲ್ಲಿ ತಂದಿತು. ಮೂರು ತೋಳುಗಳು ಮಾತ್ರ ಹಾಗೆಯೇ ಇದ್ದುವು. 1948ರಲ್ಲಿ ಫರ್ಗ್ಯುಸನ್ 25 ಕೋಟಿ ಡಾಲರಿಗೂ ಮಿಕ್ಕ ಪರಿಹಾರ ಕೇಳಿ ದಾವೆ ಹೂಡಿದ. ನಾಲ್ಕು ವರ್ಷ ಕೋರ್ಟು ಕಚೇರಿ ನಡೆದು, 1952ರಲ್ಲಿ ರಾಜಿಯಾಯಿತು. ಕೈಗೆ ಬಂದದ್ದು 92 ಲಕ್ಷ 50 ಸಾವಿರ ಡಾಲರು.

ಈ ನಡುವೆ ಆತ ಇಂಗ್ಲೆಂಡಿಗೆ ಮರಳಿ, ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯೊಡನೆ ಮಾತಾಡಿ, ಕವೆಂಟ್ರಿಯ ಬ್ಯಾನರ್ ಲೇನಿನಲ್ಲಿ ಯುದ್ಧಕಾಲದ ಒಂದು ದೊಡ್ಡ ಕಾರಖಾನೆಯಲ್ಲಿ 1946ರಿಂದ ಟಿಇ-20 ತಯಾರಿಸಿದ. 1948ರಲ್ಲಿ ಅಮೆರಿಕದ ಡೆಟ್ರಾಯಿಟಿನಲ್ಲಿ ತನ್ನದೇ ಕಾರಖಾನೆ ತೆರೆದು ‘ಟಿಒ-20’ ಎಂದು ಅದರ ತಮ್ಮನನ್ನೂ ತಂದ.

ಮೂರು ಮನೆಗಳಿಗೆ ಒಂದೇ ಚಹರೆ ಬಂದದ್ದು ಹೀಗೆ. ಒಬ್ಬನ ಯುಕ್ತಿ, ಮೂವರ ಎರಕ. ಆದುದರಿಂದ ಮುಂದೆ ನೋಡಬೇಕಾದದ್ದು ಮೂರಕ್ಕೂ ಸಮಾನವಾದ ಹೊರಮೈಯನ್ನಲ್ಲ. ಪ್ರತಿಯೊಂದು ಮನೆ ತನ್ನ ಕೈಯಿಂದ ಮಾಡಿದ ಎಂಜಿನ್ನು, ಗೇರು ಮತ್ತು ಅಚ್ಚೊತ್ತಿದ ಸಂಖ್ಯೆಗಳನ್ನು.

4. ಗುರುತು ಹಿಡಿಯುವ ಕ್ರಮ

(ಅ) ಗೇರುಗಳನ್ನು ಎಣಿಸಿರಿ. ಫರ್ಗ್ಯುಸನ್-ಬ್ರೌನಿಗೂ, ಫೋರ್ಡಿನ 9ಎನ್ ಮತ್ತು 2ಎನ್‌ಗಳಿಗೂ ಮುಂದಕ್ಕೆ ಹೋಗುವ ಗೇರುಗಳು ಮೂರು. ಟಿಇ-20ಕ್ಕೆ ನಾಲ್ಕು. ಎಂಜಿನ್ನು ನಡೆಯದಿದ್ದರೂ ಗೇರಿನ ಹಿಡಿಕೆಯನ್ನು ಆಡಿಸಿ ನೋಡಬಹುದು. ಈ ಒಂದು ಪರೀಕ್ಷೆಯಿಂದಲೇ ಅರ್ಧ ಕೆಲಸ ಮುಗಿಯುತ್ತದೆ.

(ಆ) ಚಾಲನೆ ಮಾಡುವ ಬಗೆಯನ್ನು ನೋಡಿರಿ. ಟಿಇ-20ರಲ್ಲಿ ಗೇರಿನ ಹಿಡಿಕೆಯನ್ನೇ ‘ಎಸ್’ ಎಂಬ ಅಕ್ಷರದ ಕಡೆಗೆ ಒತ್ತಿದರೆ ಸ್ಟಾರ್ಟರು ತಿರುಗುತ್ತದೆ. ಹಿಡಿಕೆ ಅಲ್ಲಿರುವಾಗ ಯಾವ ಗೇರಿನಲ್ಲಿಯೂ ಇರಲಾರದು. ಆದುದರಿಂದ ಗೇರು ಹಾಕಿಟ್ಟು ಮರೆತು ಚಾಲನೆ ಮಾಡಿ ಗಾಡಿ ಹಾರುವ ಭಯವಿಲ್ಲ. ಫರ್ಗ್ಯುಸನ್-ಬ್ರೌನನ್ನು ಮುಂದೆ ನಿಂತು ಹ್ಯಾಂಡಲ್ ಹೊಡೆದು ಚಾಲನೆ ಮಾಡಬೇಕು.

(ಇ) ಎಂಜಿನ್ನಿನ ತಲೆಯನ್ನು ನೋಡಿರಿ. ಫೋರ್ಡಿನ ಎಂಜಿನ್ನಿಗೆ ವಾಲ್ವುಗಳು ಪಕ್ಕದಲ್ಲಿವೆ. ಆದುದರಿಂದ ಅದರ ತಲೆ ಚಪ್ಪಟೆ, ಪ್ಲಗ್ಗುಗಳು ಆ ಚಪ್ಪಟೆಯ ಮೇಲೆ ಗೂಟ ನೆಟ್ಟಂತೆ ನಿಂತಿರುತ್ತವೆ. ಡಿಸ್ಟ್ರಿಬ್ಯೂಟರು ಎಂಜಿನ್ನಿನ ಮುಂಭಾಗದಲ್ಲಿ, ಫ್ಯಾನಿನ ಹತ್ತಿರ ಇರುತ್ತದೆ. ಟಿಇ-20ಕ್ಕೆ ವಾಲ್ವುಗಳು ಮೇಲೆ. ಅವನ್ನು ಮುಚ್ಚಲು ಉದ್ದನೆಯ ತಗಡಿನ ಮುಚ್ಚಳವೊಂದು ತಲೆಯ ಮೇಲಿರುತ್ತದೆ. ಕಾರಖಾನೆಯಲ್ಲಿ ಕೆಲಸ ಮಾಡುವವರಿಗೆ ಈ ಭೇದ ದೂರದಿಂದಲೇ ತಿಳಿಯುತ್ತದೆ.

(ಈ) ನೇಗಿಲನ್ನು ಎತ್ತುವ ಪಂಪನ್ನು ಪರೀಕ್ಷಿಸಿರಿ. ಇದು ಟ್ರ್ಯಾಕ್ಟರು ನಡೆಯುವ ಸ್ಥಿತಿಯಲ್ಲಿದ್ದರೆ ಮಾತ್ರ ಸಾಧ್ಯ. ಫರ್ಗ್ಯುಸನ್-ಬ್ರೌನಿನಲ್ಲಿ ಟ್ರ್ಯಾಕ್ಟರು ಚಲಿಸುತ್ತಿರುವಾಗ ಮಾತ್ರ ಪಂಪು ಕೆಲಸ ಮಾಡುತ್ತದೆ. ನಿಂತಲ್ಲಿಯೇ ನೇಗಿಲು ಎತ್ತಲಾಗದು. ಈ ಕೊರತೆಯನ್ನು ಮುಂದಿನ ಎರಡು ಮನೆಗಳಲ್ಲಿ ತಿದ್ದಿದರು. ಎಷ್ಟೋ ವೇಳೆ ಒಂದು ಯಂತ್ರದ ವಯಸ್ಸನ್ನು ಹೇಳುವುದು ಅದರ ಗುಣವಲ್ಲ, ಅದರ ಕೊರತೆ.

(ಉ) ಮುಂಭಾಗದ ಬಿಲ್ಲೆಯನ್ನು ಕೊನೆಗೆ ನೋಡಿರಿ. ಫೋರ್ಡಿನ ಮೂತಿಯ ಮೇಲೆ ಫೋರ್ಡಿನ ಅಂಡಾಕಾರದ ಬಿಲ್ಲೆ, ಅದರ ಕೆಳಗೆ ‘ಫರ್ಗ್ಯುಸನ್ ಸಿಸ್ಟಮ್’ ಎಂಬ ಇನ್ನೊಂದು ಫಲಕ ಇರುತ್ತದೆ. ಒಂದು ಊರಿನಲ್ಲಿ ಒಂದೇ ಗಾಡಿಗೆ ಇಬ್ಬರು ಎರಡು ಹೆಸರು ಹೇಳುವುದಕ್ಕೆ ಈ ಎರಡು ಬಿಲ್ಲೆಗಳೇ ಕಾರಣ. ಇಬ್ಬರೂ ಸುಳ್ಳು ಹೇಳುತ್ತಿಲ್ಲ; ಇಬ್ಬರೂ ಅರ್ಧ ಓದಿದ್ದಾರೆ.

5. ಅಚ್ಚೊತ್ತಿದ ಅಕ್ಷರಗಳು

ಈಗ ಗುಮಾಸ್ತರ ಕೆಲಸ. ಟಿಇ-20ರಲ್ಲಿ ಚಾಲಕನ ಮುಂದಿನ ಡ್ಯಾಶಿನ ಮೇಲೆ ಸಣ್ಣ ತಗಡಿನ ಫಲಕವೊಂದಿದ್ದು, ಅದರಲ್ಲಿ ಟ್ರ್ಯಾಕ್ಟರಿನ ಸಂಖ್ಯೆ ಅಚ್ಚಾಗಿರುತ್ತದೆ. ಸಂಖ್ಯೆಯ ಮುಂದಿನ ಅಕ್ಷರಗಳೇ ಅದರ ಜಾತಕ. ‘ಟಿಇ’ ಎಂದರೆ ಟ್ರ್ಯಾಕ್ಟರ್, ಇಂಗ್ಲೆಂಡ್. ‘ಟಿಒ’ ಎಂದರೆ ಟ್ರ್ಯಾಕ್ಟರ್, ಓವರ್‌ಸೀಸ್. ಅಂದರೆ ಇಂಗ್ಲೆಂಡಿನಿಂದ ನೋಡಿದಾಗ ಕಡಲಾಚೆಯ ಅಮೆರಿಕದ್ದು. ‘20’ ಎಂಬುದು ಸುಮಾರು ಇಪ್ಪತ್ತು ಅಶ್ವಶಕ್ತಿಯ ಸೂಚನೆ.

‘ಟಿಇ’ ಆದ ಮೇಲೆ ಇನ್ನೊಂದು ಅಕ್ಷರ ಬರುತ್ತದೆ. ಏನೂ ಇಲ್ಲದಿದ್ದರೆ ಅದು ಮೊದಮೊದಲಿನ ಗಾಡಿ. ಅಮೆರಿಕದಿಂದ ತರಿಸಿದ ಕಾಂಟಿನೆಂಟಲ್ ಪೆಟ್ರೋಲ್ ಎಂಜಿನ್ನಿನದು. ‘ಎ’ ಇದ್ದರೆ ಸ್ಟ್ಯಾಂಡರ್ಡ್ ಕಂಪನಿಯ ಸ್ವಂತ ಪೆಟ್ರೋಲ್ ಎಂಜಿನ್ನು. ‘ಡಿ’ ಇದ್ದರೆ ಸೀಮೆಎಣ್ಣೆಯಂಥ ಟ್ರ್ಯಾಕ್ಟರ್ ಎಣ್ಣೆಯಿಂದ ನಡೆಯುವುದು. ಇದು 1949ರಿಂದ ಬಂತು. ‘ಎಫ್’ ಇದ್ದರೆ ಡೀಸೆಲ್ಲು, ಇದು 1951ರಿಂದ. ‘ಎಚ್’ ಇದ್ದರೆ ದೀಪದ ಎಣ್ಣೆಯದು. ‘ಕೆ’ ಇದ್ದರೆ ದ್ರಾಕ್ಷಿತೋಟದ ಸಾಲುಗಳ ನಡುವೆ ನುಸುಳಲು ಅಗಲ ತಗ್ಗಿಸಿದ ಪೆಟ್ರೋಲ್ ಗಾಡಿ. ‘ಡಿ’ ಎಂಬುದನ್ನು ಕಂಡು ಡೀಸೆಲ್ ಎಂದು ತಿಳಿಯುವುದು ಎಲ್ಲರೂ ಮಾಡುವ ತಪ್ಪು. ವಾಚಕರು ಇದನ್ನು ಮುಖ್ಯವಾಗಿ ನೆನಪಿಡಬೇಕು.

ಫೋರ್ಡಿನ ಸಂಖ್ಯೆ ಇರುವುದು ಎಂಜಿನ್ನಿನ ಎಡಮಗ್ಗುಲಿನ ಎರಕದ ಮೇಲೆ, ಎರಡು ಕಡೆಯೂ ನಕ್ಷತ್ರದಂಥ ಗುರುತಿನೊಡನೆ. ಇಲ್ಲಿಯೂ ಒಂದು ತೊಡಕುಂಟು: 1942ರ ಅನಂತರ ಬಂದ 2ಎನ್ ಗಾಡಿಗಳ ಮೇಲೂ ‘9ಎನ್’ ಎಂದೇ ಅಚ್ಚೊತ್ತುತ್ತಿದ್ದರು. ಆದುದರಿಂದ ಅಲ್ಲಿ ಅಕ್ಷರ ನೋಡಿ ಸುಮ್ಮನಾಗದೆ, ಸಂಖ್ಯೆ ಎಷ್ಟನೆಯದು ಎಂದು ನೋಡಬೇಕು.

ತುಕ್ಕು ಹಿಡಿದ ಫಲಕವನ್ನು ಓದುವುದಕ್ಕೂ ಒಂದು ಬಗೆಯಿದೆ. ಉಪ್ಪುಕಾಗದದಿಂದ ಉಜ್ಜಬಾರದು, ಗ್ರೈಂಡರು ಹಿಡಿಯಲೇಬಾರದು, ಅಕ್ಷರವೇ ಹಾರಿಹೋದೀತು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಇಟ್ಟು, ಮೆತ್ತನೆಯ ಬ್ರಷ್ಷಿನಿಂದ ತೊಳೆದು ಒರಸಿ, ಒಣಗಿದ ಮೇಲೆ ಸೀಮೆಸುಣ್ಣವನ್ನು ಅಡ್ಡಲಾಗಿ ತೇಯಬೇಕು. ತಗ್ಗಿನಲ್ಲಿ ಸುಣ್ಣ ನಿಂತು ಅಂಕಿಗಳು ಎದ್ದುಕಾಣುತ್ತವೆ. ಆಮೇಲೆ ಒಂದು ಪಕ್ಕದಿಂದ ಬ್ಯಾಟರಿಯ ಬೆಳಕು ಬಿಟ್ಟು ಚಿತ್ರ ತೆಗೆಯಬೇಕು.

6. ಮೋಸಹೋಗುವ ಎಡೆಗಳು

ಹಳೆಯ ಯಂತ್ರವೆಂದರೆ ಎಷ್ಟೋ ಸಲ ರಿಪೇರಿಯಾದ ಯಂತ್ರ. ಬಣ್ಣವನ್ನು ನಂಬಬೇಡಿರಿ; ಬಣ್ಣ ಡಬ್ಬಿಯಲ್ಲಿ ಸಿಗುತ್ತದೆ. ಬಿಲ್ಲೆಯನ್ನು ನಂಬಬೇಡಿರಿ, ಎರಡು ಸ್ಕ್ರೂ ಬಿಚ್ಚಿದರೆ ಅದು ಬೇರೆ ಗಾಡಿಗೆ ಹೋಗುತ್ತದೆ. ಎಂಜಿನ್ನನ್ನು ಸಹ ಒಂದನ್ನೇ ನಂಬುವಂತಿಲ್ಲ. ಟಿಇ-20ಕ್ಕೆ ಮೂಲದಲ್ಲಿ ಬಂದ ಎಂಜಿನ್ನುಗಳೆಲ್ಲ ನಾಲ್ಕು ಸಿಲಿಂಡರಿನವು. ಆದರೆ ಅನಂತರ ಪರ್ಕಿನ್ಸ್ ಕಂಪನಿಯ ಮೂರು ಸಿಲಿಂಡರಿನ ಡೀಸೆಲ್ ಎಂಜಿನ್ನನ್ನು ಕೂಡಿಸಿಕೊಂಡವರು ಬಹಳ. ಅಂಥ ಗಾಡಿಯಲ್ಲಿ ಫಲಕ ಒಂದು ಹೇಳಿದರೆ ಎಂಜಿನ್ನು ಇನ್ನೊಂದು ಹೇಳುತ್ತದೆ. ಫೋರ್ಡಿನಲ್ಲಂತೂ ಗಾಡಿಯ ಸಂಖ್ಯೆ ಎಂಜಿನ್ನಿನ ಮೇಲೆಯೇ ಇರುವುದರಿಂದ, ಎಂಜಿನ್ನು ಬದಲಾದರೆ ಹುಟ್ಟಿದ ವರ್ಷವೇ ಬದಲಾದಂತೆ ತೋರುತ್ತದೆ. ಇನ್ನು ಎರಕದ ಭಾಗಗಳ ಮೇಲೆ ಉಬ್ಬಿದ ಅಂಕಿಗಳಿರುತ್ತವೆ. ಅವು ಆಯಾ ಭಾಗದ ಅಂಕಿಗಳೇ ಹೊರತು ಗಾಡಿಯವಲ್ಲ. ಉಬ್ಬಿದ್ದು ಭಾಗದ್ದು, ಒತ್ತಿದ್ದು ಗಾಡಿಯದು ಎಂದು ಸ್ಥೂಲವಾಗಿ ನೆನಪಿಡಬಹುದು.

ಆದುದರಿಂದ ಕನಿಷ್ಠ ಮೂರು ಸಾಕ್ಷಿಗಳು ಒಂದೇ ಮಾತು ಹೇಳಬೇಕು: ಗೇರುಪೆಟ್ಟಿಗೆ, ಎಂಜಿನ್ನು, ಫಲಕ. ನಾಲ್ಕನೆಯ ಸಾಕ್ಷಿಯಾಗಿ ಮನೆಯ ಟ್ರಂಕಿನ ತಳದಲ್ಲಿರುವ ಕಾಗದಗಳನ್ನು ಹುಡುಕಬೇಕು. ಕೊಂಡ ರಸೀದಿ, ನೋಂದಣಿ ಪುಸ್ತಕ, ಸೊಸೈಟಿಯ ಸಾಲದ ಚೀಟಿ, ವಿಮೆಯ ಪತ್ರ, ಇವುಗಳಲ್ಲಿ ಸಂಖ್ಯೆಯನ್ನು ಬರೆದಿರುವುದುಂಟು. ಅಂಥ ಒಂದು ಕಾಗದ ಸಿಕ್ಕರೆ ಅದನ್ನು ಗಾಡಿಯಷ್ಟೇ ಜೋಪಾನ ಮಾಡಬೇಕು. ಕೈ ಕುಲುಕಿ ಮಾಡಿದ ಕರಾರು ಎಂಥವರನ್ನು ಎಲ್ಲಿಗೆ ಒಯ್ದಿತು ಎಂಬುದನ್ನು ಮೇಲೆಯೇ ನೋಡಿದ್ದೇವೆ.

7. ಊರಿನಿಂದ ಬಂದ ಉತ್ತರ

ಈ ಕ್ರಮವನ್ನೇ ನಾವು ಆರು ಪ್ರಶ್ನೆಗಳಾಗಿ ಬರೆದು ಗೆಳೆಯರ ಕೈಗೆ ಕೊಟ್ಟೆವು. ಅವರು ತಮ್ಮನಿಗೆ ಫೋನು ಮಾಡಿ, ಒಂದೊಂದಾಗಿ ಓದಿ ಹೇಳಿದರು. ತಮ್ಮ ಮೊದಲು ಗೊಣಗಿದರಂತೆ. ಆಮೇಲೆ ಕೋಳಿಯನ್ನು ಎಬ್ಬಿಸಿ ತಟ್ಟೆಯ ಮೇಲೆ ಕುಳಿತರು.

ಮೂರು ದಿನದ ಮೇಲೆ ಉತ್ತರ ಬಂತು. ಮುಂದಿನ ಗೇರು ನಾಲ್ಕು. ಹಿಡಿಕೆಯ ಬುಡದಲ್ಲಿ ‘ಎಸ್’ ಅಕ್ಷರ ಸವೆದಿದ್ದರೂ ಕಾಣುತ್ತದೆ. ಎಂಜಿನ್ನು ನಾಲ್ಕು ಸಿಲಿಂಡರು, ತಲೆಯ ಮೇಲೆ ಉದ್ದ ಮುಚ್ಚಳ. ಎಣ್ಣೆಯ ಟ್ಯಾಂಕಿನಲ್ಲಿ ಎರಡು ಕೋಣೆ: ಚಿಕ್ಕದೊಂದು, ದೊಡ್ಡದೊಂದು. ಫಲಕವನ್ನು ಸೀಮೆಸುಣ್ಣದಿಂದ ತೇಯ್ದಾಗ ‘ಟಿಇಡಿ’ ಎಂಬ ಅಕ್ಷರಗಳೂ ಮುಂದಿನ ಕೆಲವು ಅಂಕಿಗಳೂ ಕಂಡುವು. ಕೊನೆಯ ಅಂಕಿಗಳನ್ನು ತುಕ್ಕು ತಿಂದಿದೆ.

ಎರಡು ಕೋಣೆಯ ಟ್ಯಾಂಕು ಯಾಕೆ ಎಂಬುದನ್ನು ನಮ್ಮ ಗೆಳೆಯರೇ ವಿವರಿಸಿದರು. ಸೀಮೆಎಣ್ಣೆಯಂಥ ಎಣ್ಣೆಗೆ ತಣ್ಣಗಿರುವ ಎಂಜಿನ್ನಿನಲ್ಲಿ ಬೆಂಕಿ ಹತ್ತುವುದಿಲ್ಲ. ಚಿಕ್ಕ ಕೋಣೆಯ ಪೆಟ್ರೋಲಿನಿಂದ ಮೊದಲು ಚಾಲನೆ ಮಾಡಿ, ಎಂಜಿನ್ನು ಕಾದ ಮೇಲೆ ನಲ್ಲಿ ತಿರುಗಿಸಿ ದೊಡ್ಡ ಕೋಣೆಯ ಎಣ್ಣೆಗೆ ಹೊರಳಿಸುವುದು. “ಅಪ್ಪ ಮುಂಜಾನೆ ಗಾಡಿ ಹಚ್ಚಿ ಚಹಾ ಕುಡಿದು ಬಂದು ಆಮೇಲೆ ಹೊಲಕ್ಕ ಹೋಗತಿದ್ದ. ಚಹಾದ ಚಟಕ್ಕ ಹಂಗ ಮಾಡತಾನ ಅಂತ ನಾವು ನಗತಿದ್ವಿ” ಎಂದು ಅವರು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು.

ಹೀಗಾಗಿ ನಮ್ಮ ತೀರ್ಮಾನ ಇದು: ಊರಿನ ಗಾಡಿ ಫೋರ್ಡಲ್ಲ, ಅಪರೂಪದ ಫರ್ಗ್ಯುಸನ್-ಬ್ರೌನೂ ಅಲ್ಲ. ಕವೆಂಟ್ರಿಯಲ್ಲಿ 1949ರಿಂದ 1956ರೊಳಗೆ ತಯಾರಾದ ಫರ್ಗ್ಯುಸನ್ ಟಿಇ-ಡಿ-20. ಕೊನೆಯ ಅಂಕಿಗಳು ಇಲ್ಲದಿರುವುದರಿಂದ ಅದು ಎಷ್ಟನೆಯ ಗಾಡಿ ಎಂದು ಫಲಕದಿಂದ ಹೇಳಲಾಗದು. ಅಪ್ಪನ ಟ್ರಂಕಿನಲ್ಲಿ ಕಾಗದವಿದ್ದರೆ ಅದು ಹೇಳಬೇಕು.

ನಿಜ ಹೇಳಬೇಕೆಂದರೆ, ಅಪರೂಪದ್ದೇ ಆಗಿದ್ದರೆ ಚೆನ್ನಾಗಿತ್ತು ಎಂದು ನಮಗೂ ಒಳಗೊಳಗೆ ಆಸೆಯಿತ್ತು. ಆದರೆ ಆಸೆಗೆ ತಕ್ಕಂತೆ ಸಾಕ್ಷ್ಯವನ್ನು ಬಗ್ಗಿಸಬಾರದು. ಇಲ್ಲದ ಬೆಲೆಯನ್ನು ಹೇಳಿ ಮಾರುವುದು ಎಷ್ಟು ಅನ್ಯಾಯವೋ, ಇದ್ದ ಬೆಲೆಯನ್ನು ತಿಳಿಯದೆ ತೂಕಕ್ಕೆ ಹಾಕುವುದು ಅಷ್ಟೇ ದಡ್ಡತನ. ಸಾಮಾನ್ಯವಾದ ಮಾದರಿ ಎಂಬುದರಲ್ಲಿ ಒಂದು ಲಾಭವೂ ಉಂಟು: ಲಕ್ಷಗಟ್ಟಲೆ ತಯಾರಾದ ಯಂತ್ರವಾದುದರಿಂದ ಅದರ ಬಿಡಿಭಾಗಗಳೂ, ಅದನ್ನು ಬಲ್ಲವರೂ ಇಂದಿಗೂ ಸಿಗುತ್ತಾರೆ. ಸರಿಯಾದ ಹೆಸರು ತಿಳಿದ ಮೇಲೆ ಸರಿಯಾದ ಭಾಗವನ್ನು ಕೇಳಬಹುದು; ಫೋರ್ಡಿನದನ್ನು ತರಿಸಿ ಹಣ ಕಳೆದುಕೊಳ್ಳಬೇಕಿಲ್ಲ.

8. ನಮ್ಮ ನಾಡಿನ ಹೆಸರುಗಳು

ಈ ಪಾಠ ಒಂದು ಹಳೆಯ ಗಾಡಿಗೆ ಮಾತ್ರ ಸಲ್ಲುವುದಲ್ಲ. ಹೆಸರು ಒಂದು ಕಡೆಯದು, ಹುಟ್ಟು ಇನ್ನೊಂದು ಕಡೆಯದು ಎಂಬುದಕ್ಕೆ ನಮ್ಮ ಸುತ್ತಲೇ ಉದಾಹರಣೆಗಳಿವೆ. ಎಚ್‌ಎಂಟಿ ಎಂದೊಡನೆ ನಮಗೆ ಬೆಂಗಳೂರೂ ಕೈಗಡಿಯಾರವೂ ನೆನಪಾಗುತ್ತವೆ. ಆದರೆ ಎಚ್‌ಎಂಟಿ ಟ್ರ್ಯಾಕ್ಟರು ಹುಟ್ಟಿದ್ದು 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ. ಅದರ ಮೂಲ ನಕ್ಷೆ ಜೆಕೊಸ್ಲೊವಾಕಿಯದ ಜೆಟರ್ ಕಂಪನಿಯದು.

ಫರ್ಗ್ಯುಸನ್ನನ ವಂಶವೂ ನಮ್ಮಲ್ಲಿಗೆ ಬಂದಿದೆ. 1953ರಲ್ಲಿ ಆತನ ಕಂಪನಿ ಕೆನಡಾದ ಮ್ಯಾಸಿ-ಹ್ಯಾರಿಸ್ ಕಂಪನಿಯೊಡನೆ ಕೂಡಿ, ಮುಂದೆ ಮ್ಯಾಸಿ ಫರ್ಗ್ಯುಸನ್ ಎಂದಾಯಿತು. ಟಿಇ-20ರ ಬಳಿಕ ಬಂದ ‘35’ ಎಂಬ ಮಾದರಿಯ ಬೂದು ಬಣ್ಣ ಹೋಗಿ ಕೆಂಪು ಬಂತು. 1960ರಲ್ಲಿ ಚೆನ್ನೈಯಲ್ಲಿ ಸ್ಥಾಪನೆಯಾದ ಟಾಫೆ ಕಂಪನಿ ಆ ವಂಶದ ಟ್ರ್ಯಾಕ್ಟರುಗಳನ್ನು ನಮ್ಮ ದೇಶದಲ್ಲಿ ತಯಾರಿಸತೊಡಗಿತು. ನಮ್ಮ ದೊಡ್ಡಬಳ್ಳಾಪುರದಲ್ಲಿಯೂ ಅದರ ಕಾರಖಾನೆಯುಂಟು. ಫರ್ಗ್ಯುಸನ್ 1960ರ ಅಕ್ಟೋಬರಿನಲ್ಲಿ ತೀರಿಕೊಂಡ. ಆತನ ಮೂರು ತೋಳುಗಳು ಅದೇ ವರ್ಷ ನಮ್ಮ ನೆಲಕ್ಕೆ ಬೇರು ಬಿಟ್ಟುವು. ಚೆನ್ನೈಯಲ್ಲಿರುವ ನಮ್ಮ ಬಂಧುಗಳು ಆ ಕೆಂಪು ಗಾಡಿಗಳನ್ನು ಕಂಡಾಗ ಈ ಬೂದು ಅಜ್ಜನನ್ನು ನೆನೆಯಬಹುದು.

ನಾವು ಪರಸ್ಥಳದಲ್ಲಿರುವ ಜನ. ನಮ್ಮನ್ನೂ ಮೊದಲು ನೋಡುವವರು ಬಣ್ಣ, ಉಡುಪು, ಮಾತಿನ ಧಾಟಿ ನೋಡಿ ಇಂಥವರೆಂದು ಹೇಳಿಬಿಡುತ್ತಾರೆ. ಅದು ಎಷ್ಟು ಸಲ ತಪ್ಪಾಗುತ್ತದೆ ಎಂಬುದು ನಮ್ಮೆಲ್ಲರ ಅನುಭವ. ಯಂತ್ರವನ್ನಾಗಲಿ ಮನುಷ್ಯನನ್ನಾಗಲಿ ಅರಿಯಬೇಕಾದರೆ ಹೊರಬಣ್ಣವನ್ನು ದಾಟಿ ಎರಡು ಪ್ರಶ್ನೆ ಹೆಚ್ಚು ಕೇಳುವ ತಾಳ್ಮೆ ಬೇಕು.

ಗೆಳೆಯರ ತಮ್ಮ ಗಾಡಿಯನ್ನು ಇನ್ನೂ ಗುಜರಿಗೆ ಹಾಕಿಲ್ಲ. ಇಟ್ಟುಕೊಳ್ಳುತ್ತೇನೆ ಎಂದೂ ಹೇಳಿಲ್ಲ, “ಈ ಗಾಡಿಗೆ ಸೀಮೆಎಣ್ಣೆ ಈಗ ಎಲ್ಲಿ ಸಿಗತೈತಿ ಅಣ್ಣಾ?” ಎಂದು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆಯುಧಪೂಜೆಗೆ ಊರಿಗೆ ಹೋದಾಗ ಇಬ್ಬರೂ ಕೂತು ಟ್ರಂಕು ತೆಗೆದು ನೋಡಿ, ಆಮೇಲೆ ನಿರ್ಧರಿಸುವುದೆಂದು ಒಪ್ಪಂದವಾಗಿದೆ. ಅಲ್ಲಿಯ ವರೆಗೆ ಫಲಕದ ಮೇಲೆ ಎಣ್ಣೆಯ ಬಟ್ಟೆ ಹೊದಿಸಿಡಲು ನಾವು ಹೇಳಿದ್ದೇವೆ.

ಅಭ್ಯಾಸ

1. ಫೋರ್ಡ್ 9ಎನ್ ಮತ್ತು ಫರ್ಗ್ಯುಸನ್ ಟಿಇ-20 ಇವುಗಳ ಎಂಜಿನ್ನಿನ ತಲೆಯಲ್ಲಿ ಕಾಣುವ ಭೇದವೇನು?

2. ‘ಟಿಇಡಿ’ ಎಂಬ ಅಕ್ಷರಗಳ ಅರ್ಥವನ್ನು ಬಿಡಿಸಿ ಹೇಳಿರಿ. ಇಲ್ಲಿ ‘ಡಿ’ ಎಂದರೆ ಡೀಸೆಲ್ಲೇ?

3. ಒಂದು ಬೂದು ಟ್ರ್ಯಾಕ್ಟರಿಗೆ ಮುಂದಿನ ಗೇರು ಮೂರು. ಸ್ಟಾರ್ಟರಿಲ್ಲ, ಹ್ಯಾಂಡಲ್ ಹೊಡೆಯಬೇಕು. ನಿಂತಲ್ಲಿ ನೇಗಿಲು ಮೇಲೇಳುವುದಿಲ್ಲ. ಅದು ಯಾವುದಿರಬಹುದು? ಅದನ್ನು ಗುಜರಿಗೆ ಹಾಕಬಹುದೇ?

4. ನಿಮ್ಮ ಮನೆಯಲ್ಲಿ ಅಥವಾ ಕೆಲಸದ ಜಾಗದಲ್ಲಿರುವ ಒಂದು ಹಳೆಯ ಯಂತ್ರವನ್ನು, ಅದು ಹೊಲಿಗೆಯಂತ್ರವಾಗಲಿ, ಲೇತಾಗಲಿ, ಬೆರಳಚ್ಚಿನ ಯಂತ್ರವಾಗಲಿ, ಈ ಕ್ರಮದಿಂದ ಪರೀಕ್ಷಿಸಿ, ಮೂರು ಸಾಕ್ಷಿಗಳೊಡನೆ ಬರೆದು ವಾಚನಾಲಯದ ಪೆಟ್ಟಿಗೆಗೆ ಹಾಕಿರಿ. ಬಂದ ಉತ್ತರಗಳನ್ನು ಒಂದು ರವಿವಾರ ಎಲ್ಲರೂ ಕೂಡಿ ಓದೋಣ.